ಅಟ್ಟದಿಂದ ಇಳಿದ ಕಾಫಿ ಪಾತ್ರೆ

ನಮ್ಮ ಮನೆಗೆ ಬರುವವರು ಅಡುಗೆಮನೆ ಕಟ್ಟೆಯ ಮೇಲೆ ಕೂತಿರುವ ಎಂಟು ಮೂಲೆಯ ಅಲ್ಯೂಮಿನಿಯಂ ಪಾತ್ರೆಯನ್ನು ನೋಡಿ "ಇದೇನ್ರೀ, ಚಹಾದ ಕಿಟಲಿಯಾ?" ಅಂತ ಕೇಳುತ್ತಾರೆ. ಅಲ್ಲ, ಕಾಫಿ ಮಾಡೋದು ಅಂದರೆ ಅರ್ಧ ನಂಬುತ್ತಾರೆ. ಅದರಲ್ಲಿ ದಿನಾ ಬೆಳಿಗ್ಗೆ ಕಾಫಿ ಮಾಡುವವನು ನಾನು ಅಂದರೆ ಪೂರ್ತಿ ನಂಬುವುದಿಲ್ಲ. ಅವರದ್ದೇನೂ ತಪ್ಪಿಲ್ಲ ಬಿಡಿ. ಐದು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಮ್ಮಪ್ಪ ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ರೈಟರು ಅಂದರೆ ಕಾದಂಬರಿ ಬರೆಯುವವರಲ್ಲ ಮತ್ತೆ! ಆಳುಗಳ ಹಾಜರಿ ಬರೆಯುವವರು. ಕಾಫಿ ತೋಟದ ಮಧ್ಯೆಯೇ ಬೆಳೆದವನು, ಇವನಿಗೆ ಕಾಫಿಯ ಬಗ್ಗೆ ಎಲ್ಲಾ ಗೊತ್ತಿರುತ್ತೆ ಅಂತ ಮುಂಬೈಯ ಸ್ನೇಹಿತರು ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ಒಳ್ಳೆ ಬೀಜವೆಲ್ಲ ಮೂಟೆಯಾಗಿ ಕ್ಯೂರಿಂಗ್ ವರ್ಕ್ಸಿಗೆ ಹೋಗುತ್ತಿತ್ತು. ಆಗೆಲ್ಲ ಬೆಳೆದವರು ಕಾಫಿಯನ್ನು ಕಾಫಿ ಬೋರ್ಡಿಗೇ ಕೊಡಬೇಕು. ಆ ಪದ್ಧತಿ ಪೂರ್ತಿ ಹೋಗಿದ್ದು 1996ರಲ್ಲಿ. ನಮ್ಮ ಮನೆಗೆ ಬರುತ್ತಿದ್ದದ್ದು ಒಡೆದದ್ದು, ಉದುರಿದ್ದು, ಕಪ್ಪಾದದ್ದು. ಅಮ್ಮ ಅದನ್ನು ಕಬ್ಬಿಣದ ಬಾಣಲೆಯಲ್ಲಿ ಹುರಿದು, ಕುಟ್ಟಿ, ಬೆಲ್ಲದ ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದಳು. ಬಿಕಾಂ ಮುಗಿಸಿ ಬ್ಯಾಂಕು ಸೇರಿ 1993ರಲ್ಲಿ ಮುಂಬೈಗೆ ಬರುವ ತನಕ ನಾನು ಕುಡಿದ ಕಾಫಿ ಅಂದರೆ ಅದು.

ಫಿಲ್ಟರ್ ಕಾಫಿ ನಮ್ಮ ಮನೆಗೆ ಬಂದದ್ದು 1995ರಲ್ಲಿ, ನನ್ನಾಕೆಯ ಜೊತೆಯಲ್ಲಿ. ಅವಳು ಮೈಸೂರಿನವಳು. ತವರಿನಿಂದ ಬಂದ ಸಾಮಾನಿನಲ್ಲಿ ಅವಳಮ್ಮನ ಹಿತ್ತಾಳೆ ಫಿಲ್ಟರ್ ಇತ್ತು. ರಾತ್ರಿ ಪಾತ್ರೆ ತೊಳೆದಾದ ಮೇಲೆ ಅದರ ಮೇಲಿನ ಡಬ್ಬಿಗೆ ಪುಡಿ ಹಾಕಿ, ಕೊಡೆಯಂತಹ ಬಿಲ್ಲೆಯಿಂದ ಹಗುರವಾಗಿ ಒತ್ತಿ, ಕುದಿಯುವ ನೀರು ಸುರಿದು ಮುಚ್ಚಿಟ್ಟು ಮಲಗುತ್ತಿದ್ದಳು. ಬೆಳಿಗ್ಗೆ ಐದೂವರೆಗೆ ಡಿಕಾಕ್ಷನ್ ತಯಾರು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಜ್ವರ ಬಂದಾಗಲೂ, ಮಗಳು ಹೊಟ್ಟೆಯಲ್ಲಿದ್ದಾಗಲೂ, 2005ರ ಜುಲೈ ಮಳೆಯಲ್ಲಿ ನಾನು ಮನೆಗೆ ಬರಲಾಗದೆ ರಾತ್ರಿಯೆಲ್ಲ ಬ್ರಾಂಚಿನಲ್ಲೇ ಕಳೆದಾಗಲೂ. (ಆ ದಿನ ನನ್ನ ಪಾಲಿನದನ್ನು ಏನು ಮಾಡಿದೆ ಅಂತ ಆಮೇಲೆ ಕೇಳಿದ್ದೆ. "ಇಟ್ಟುಕೊಂಡು ಕೂತಿದ್ದೆ" ಅಂದಿದ್ದಳು.) ಈ ವ್ಯವಹಾರದಲ್ಲಿ ನನ್ನದು ಬಂಡವಾಳ ಮಾತ್ರ. ಹದಿನೈದು ದಿನಕ್ಕೊಮ್ಮೆ ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ಮಾಟುಂಗಕ್ಕೆ ಹೋಗಿ ಅರ್ಧ ಕೆಜಿ ಪುಡಿ ತರುವುದು, ಎಂಬತ್ತಕ್ಕೆ ಇಪ್ಪತ್ತು ಚಿಕೋರಿ. ಉತ್ಪಾದನೆಯೆಲ್ಲ ಅವಳದು. ಫಿಲ್ಟರನ್ನು ನಾನು ಒಮ್ಮೆಯಾದರೂ ಬಿಚ್ಚಿ ನೋಡಿದ್ದಿಲ್ಲ.

ಆಮೇಲೆ ಕೊರೋನ ಬಂತು. 2021ರ ಏಪ್ರಿಲ್. ಮುಂಬೈಯಲ್ಲಿ ಎರಡನೇ ಅಲೆ ಏರಿದ್ದ ಹೊತ್ತು. ಬ್ಯಾಂಕಿನವರು ಅತ್ಯಗತ್ಯ ಸೇವೆಯವರಲ್ಲವೇ, ನಮಗೆ ಲೋಕಲ್ ಹತ್ತಲು ಅನುಮತಿಯಿತ್ತು, ನಾನು ಹೋಗಿ ಬರುತ್ತಿದ್ದೆ. ಅವಳು ತಿಂಗಳಿನಿಂದ ಕಟ್ಟಡದ ಗೇಟು ದಾಟಿರಲಿಲ್ಲ. ಹಾಗಾಗಿ ತಂದವನು ಯಾರು ಅಂತ ವಿಚಾರಣೆಯ ಅಗತ್ಯವಿರಲಿಲ್ಲ. ನನಗೆ ಎರಡು ದಿನ ಕೆಮ್ಮು, ಮುಗಿಯಿತು. ಅವಳಿಗೆ ಒಂಬತ್ತು ದಿನ ಜ್ವರ. ಆಮ್ಲಜನಕ ಇಳಿಯಲಿಲ್ಲ, ಆಸ್ಪತ್ರೆಗೆ ಹೋಗುವ ಸಂದರ್ಭ ಬರಲಿಲ್ಲ, ಅದು ನಮ್ಮ ಪುಣ್ಯ. ಆದರೆ ಐದನೇ ದಿನ ಮೂಗು ಹೋಯಿತು. ನೀಲಗಿರಿ ಎಣ್ಣೆಯ ಬಾಟಲಿಯನ್ನೇ ಮೂಗಿಗೆ ಹಿಡಿದರೂ ಏನೂ ಇಲ್ಲ ಅಂದಳು.

ಆಗ ಅದೇನು ದೊಡ್ಡ ವಿಷಯ ಅನಿಸಲಿಲ್ಲ. ಎಲ್ಲರಿಗೂ ಹೋಗುತ್ತೆ, ಬರುತ್ತೆ ಅಂದರು. ಬಂತು ಕೂಡ. ಆದರೆ ಜುಲೈನಲ್ಲಿ ಬಂದದ್ದು ಸರಿಯಾಗಿ ಬರಲಿಲ್ಲ. ಒಂದು ಬೆಳಿಗ್ಗೆ ಫಿಲ್ಟರಿನ ಮುಚ್ಚಳ ತೆಗೆದವಳು ಸಿಂಕಿನ ಕಡೆ ಓಡಿದಳು. ಟಯರ್ ಸುಟ್ಟ ಹಾಗೆ, ಗಟಾರದ ಹಾಗೆ ವಾಸನೆ ಅಂದಳು. ಪುಡಿ ಕೆಟ್ಟಿರಬೇಕು ಅಂತ ನಾನು ಹೊಸದು ತಂದೆ. ಅದೂ ಹಾಗೇ. ನಾನು ಮೂಸಿದರೆ ಘಮಘಮ! ಆಮೇಲೆ ಈರುಳ್ಳಿ ಹುರಿದರೆ ಹಾಗೇ, ಬೆಳ್ಳುಳ್ಳಿ ಒಗ್ಗರಣೆಗೂ ಹಾಗೇ. ಕಿವಿ ಮೂಗು ಗಂಟಲಿನ ಡಾಕ್ಟರು ಸಮಾಧಾನವಾಗಿ ವಿವರಿಸಿದರು. ವಾಸನೆಯ ನರಗಳು ಮತ್ತೆ ಚಿಗುರುವಾಗ ತಂತಿ ಅದಲುಬದಲಾದ ಹಾಗೆ ಆಗುತ್ತದಂತೆ. ಹುರಿದ ಪದಾರ್ಥಗಳೇ ಹೆಚ್ಚು ಕಾಡುವುದು, ಅದರಲ್ಲೂ ಕಾಫಿ. ಕಾಫಿಗೆ ಆ ಪರಿಮಳ ಕೊಡುವ ಒಂದು ಗಂಧಕದ ಅಂಶವೇ ಇಂಥವರಿಗೆ ದುರ್ನಾತವಾಗಿ ತಟ್ಟುತ್ತದೆ, ಅದೂ ಅತಿ ಸಣ್ಣ ಪ್ರಮಾಣದಲ್ಲಿದ್ದರೂ ಸಾಕು ಅಂತ 2022ರಲ್ಲಿ ಇಂಗ್ಲೆಂಡಿನ ಸಂಶೋಧಕರು ಪತ್ತೆ ಮಾಡಿದ್ದನ್ನು ಆಮೇಲೆ ಓದಿದೆ. ಔಷಧಿ ಅಂತ ವಿಶೇಷವೇನಿಲ್ಲ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕನ್ನು ದಿನಕ್ಕೆರಡು ಸಲ ಒಂದೊಂದಾಗಿ ಮೂಸಬೇಕು, ಮೂಸುವಾಗ ಅದರ ನಿಜವಾದ ವಾಸನೆಯನ್ನು ನೆನಪು ಮಾಡಿಕೊಳ್ಳಬೇಕು, ತಿಂಗಳುಗಟ್ಟಲೆ. ದೇವರ ಮನೆ ಮುಂದೆ ನಾಲ್ಕು ಸಣ್ಣ ಶೀಶೆ ಇಟ್ಟುಕೊಂಡು ಜಪದ ಹಾಗೆ ಕೂರುತ್ತಿದ್ದಳು.

ಹಿತ್ತಾಳೆ ಫಿಲ್ಟರನ್ನು ಒರೆಸಿ, ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದಳು. ಹಾಕಿದವನು ನಾನೇ, ಸ್ಟೂಲ್ ಹತ್ತಿ.

ನನಗೂ ಕಾಫಿ ಸಾಕಾಗಿದೆ, ಅಸಿಡಿಟಿ ಅಂತ ಒಂದು ಸುಳ್ಳು ಹೇಳಿದೆ. ಬ್ಯಾಂಕಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ದಿನಾ ಎರಡು ಸಲ ಕುಡಿಯತೊಡಗಿದೆ. ಮೂಗು ಕೆಟ್ಟಿರುವವಳಿಗೆ ಗೊತ್ತಾಗಲ್ಲ ಅಂತ ನನ್ನ ಲೆಕ್ಕ. ಬಿಕಾಂ ಓದಿದವನ ಲೆಕ್ಕ ಹೇಗೆ ತಪ್ಪಿತು ನೋಡಿ, ಬೇರೆ ಯಾವ ವಾಸನೆಯೂ ಸರಿಯಾಗಿ ಸಿಗದವಳಿಗೆ ಕಾಫಿ ಮಾತ್ರ ಹತ್ತು ಪಟ್ಟು ಹೊಡೆಯುತ್ತಿತ್ತು! ನಾಲ್ಕನೇ ದಿನ ಬಾಗಿಲು ತೆಗೆದವಳೇ ಸೆರಗು ಮೂಗಿಗೆ ಒತ್ತಿಕೊಂಡು, "ಹೊರಗೆ ಕುಡಿದು ಬಂದಿದೀರಾ?" ಅಂದಳು. ಎದುರು ಫ್ಲಾಟಿನವರಿಗೆ ಕನ್ನಡ ಬರುವುದಿಲ್ಲವಾದ್ದರಿಂದ ನನ್ನ ಮಾನ ಉಳಿಯಿತು.

ಅವತ್ತು ರಾತ್ರಿ ಊಟ ಮಾಡುವಾಗ ಹೇಳಿದಳು, "ನನ್ನಿಂದ ನೀವು ಬಿಡೋದು ಬೇಡ ರೀ. ನಾನು ವಾಕಿಂಗ್ ಹೋದಾಗ ಮಾಡ್ಕೊಂಡು ಕುಡೀರಿ. ನಾನು ಬರೋ ಹೊತ್ತಿಗೆ ಕಿಟಕಿ ತೆಗೆದಿಟ್ಟಿರಿ, ಸಾಕು."

ಮಾಡಿಕೊಂಡು ಕುಡಿಯಬೇಕು ಸರಿ, ಆದರೆ ಹೇಗೆ? ಫಿಲ್ಟರಿನಲ್ಲಿ ತೊಟ್ಟಿಕ್ಕುವುದಕ್ಕೇ ಅರ್ಧ ಗಂಟೆ ಮೇಲೆ ಬೇಕು, ಅಷ್ಟು ಹೊತ್ತೂ ಮನೆಯೆಲ್ಲ ಕಾಫಿ. ಉಳಿದ ಡಿಕಾಕ್ಷನ್ ಇನ್ನೂ ಒಂದು ತೊಂದರೆ. ಇನ್‌ಸ್ಟಂಟ್ ಕುಡಿಯಬಹುದಿತ್ತಲ್ಲ ಅಂತ ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ. ಆಗ ನೆನಪಾದದ್ದು ಅಟ್ಟದಲ್ಲಿದ್ದ ಇನ್ನೊಂದು ಡಬ್ಬ. ಮಿಲಾನಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗ 2018ರಲ್ಲಿ ಬಂದಾಗ ತಂದುಕೊಟ್ಟಿದ್ದ ಮೋಕಾ ಪಾತ್ರೆ. "ಮಾವ, ಅಲ್ಲಿ ಮನೆಮನೇಲೂ ಇದೇ" ಅಂದಿದ್ದ. ನಾವು ನೋಡಿ, ಮೆಚ್ಚಿ, ಡಬ್ಬದ ಸಮೇತ ಮೇಲೆ ಹಾಕಿದ್ದೆವು. ಹಿತ್ತಾಳೆಯದು ಹತ್ತಿತು, ಅಲ್ಯೂಮಿನಿಯಂದು ಇಳಿಯಿತು.

ಈ ಪಾತ್ರೆಯ ಬಗ್ಗೆ ಎರಡು ಮಾತು. ಇದು 1933ರಲ್ಲಿ ಇಟಲಿಯಲ್ಲಿ ಬಿಯಾಲೆಟ್ಟಿ ಎಂಬುವರ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಹುಟ್ಟಿದ್ದು. ಮೂರು ಭಾಗ. ಕೆಳಗೆ ನೀರಿನ ತಳ, ಮಧ್ಯೆ ಪುಡಿಯ ಜಾಲರಿ ಬಟ್ಟಲು, ಮೇಲೆ ಹಿಡಿ ಮೂತಿ ಇರುವ ಜಗ್ಗು. ತಳದ ನೀರು ಕಾದಾಗ ಒಳಗಿನ ಆವಿ ನೀರನ್ನು ಒತ್ತುತ್ತದೆ. ನೀರಿಗೆ ಹೋಗಲು ಬೇರೆ ದಾರಿಯಿಲ್ಲ, ಪುಡಿಯನ್ನು ಹಾದು ಮೇಲೇರಿ ಜಗ್ಗಿನೊಳಗೆ ಕಾಫಿಯಾಗಿ ಬೀಳುತ್ತದೆ. ನಮ್ಮ ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಇಲ್ಲಿ ಹತ್ತಿಸಬೇಕು, ಅಷ್ಟೇ ವ್ಯತ್ಯಾಸ. ಹೋಟೆಲುಗಳ ಎಸ್ಪ್ರೆಸೊ ಮೆಷಿನ್ನಿನಲ್ಲಿ ಒತ್ತಡ ಸುಮಾರು ಒಂಬತ್ತು ಬಾರ್ ಇದ್ದರೆ ಇದರಲ್ಲಿ ಒಂದೂವರೆಯಷ್ಟು. ಹಾಗಾಗಿ ಇದು ಎಸ್ಪ್ರೆಸೊ ಅಲ್ಲ, ಡಿಕಾಕ್ಷನ್ನೂ ಅಲ್ಲ, ನಡುವಿನದು. ನನ್ನ ನಾಲಿಗೆಗೆ ಕೇಳಿದರೆ ಡಿಕಾಕ್ಷನ್ನಿಗೇ ಹತ್ತಿರದ ನೆಂಟ. ಇದನ್ನು ಮನೆಮಾತು ಮಾಡಿದ್ದು ಅವರ ಮಗ ರೆನಾಟೊ. 2016ರಲ್ಲಿ ಅವರು ತೀರಿಕೊಂಡಾಗ ಅಸ್ಥಿಯನ್ನು ಒಂದು ದೊಡ್ಡ ಮೋಕಾ ಪಾತ್ರೆಯಲ್ಲೇ ಇಟ್ಟರಂತೆ. ಇದನ್ನು ಹೇಳಿದಾಗ ನನ್ನಾಕೆ, "ನಿಮಗೆ ಶ್ರೀರಂಗಪಟ್ಟಣವೇ ಸಾಕು" ಅಂದಳು.

ಹೆಸರಿನ ಸಂಗತಿ ಮಾತ್ರ ನನಗೆ ಖುಷಿ ಕೊಟ್ಟಿತು. ಮೋಕಾ ಅಂದರೆ ಯೆಮೆನ್ ದೇಶದ ಬಂದರು. ಹಿಂದೆ ಕಾಫಿ ಪ್ರಪಂಚಕ್ಕೆಲ್ಲ ಹೋಗುತ್ತಿದ್ದದ್ದು ಅಲ್ಲಿಂದ. ಹದಿನೇಳನೇ ಶತಮಾನದಲ್ಲಿ ಬಾಬಾಬುಡನ್ ಅವರು ಏಳು ಬೀಜ ತಂದು ನಮ್ಮ ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರು ಅಂತ ನಮ್ಮ ಕಡೆ ಮಕ್ಕಳೂ ಹೇಳುತ್ತಾರಲ್ಲ, ಆ ಬೀಜ ಬಂದದ್ದೂ ಯೆಮೆನ್ನಿನಿಂದಲೇ. ಅಂದರೆ ಅಪ್ಪ ಹಾಜರಿ ಬರೆಯುತ್ತಿದ್ದ ತೋಟಕ್ಕೂ ಡೊಂಬಿವಲಿಯ ಈ ಪಾತ್ರೆಗೂ ದೂರದ ಸಂಬಂಧ ಇದೆ.

ಇರಲಿ, ಒಲೆಗೆ ಬರೋಣ. ಮೊದಲನೇ ದಿನ ನಾನು ಮಾಡಿದ ಅನಾಹುತ ಕೇಳಿ. ಮನೆಯಲ್ಲಿದ್ದ ಚಿಕೋರಿ ಪುಡಿಯನ್ನೇ ಬಟ್ಟಲಿಗೆ ತುಂಬಿದೆ. ಅವಳು ಫಿಲ್ಟರಿನಲ್ಲಿ ಒತ್ತುತ್ತಿದ್ದದ್ದು ನೆನಪಿತ್ತಲ್ಲ, ಚಮಚದ ಬೆನ್ನಿನಿಂದ ನಾಲ್ಕು ಸಲ ಗಟ್ಟಿಯಾಗಿ ಒತ್ತಿದೆ. ಉರಿ ದೊಡ್ಡದು ಮಾಡಿದೆ. ಆರು ನಿಮಿಷವಾದರೂ ಮೇಲೆ ಒಂದು ತೊಟ್ಟಿಲ್ಲ. ಬಗ್ಗಿ ನೋಡುವಷ್ಟರಲ್ಲಿ ಪಕ್ಕದಲ್ಲಿದ್ದ ಸಣ್ಣ ಹಿತ್ತಾಳೆ ಗುಂಡಿಯಿಂದ ಹಾವಿನ ಹಾಗೆ ಬುಸ್ ಅಂತ ಆವಿ! ನಾನು ಫ್ರಿಜ್ಜಿನ ತನಕ ಹಾರಿದೆ. ಆ ಗುಂಡಿ ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದ ಹಾಗೆ, ಇಲ್ಲದಿದ್ದರೆ ಈ ಬರಹ ಬರೆಯುತ್ತಿರಲಿಲ್ಲವೇನೋ. ಚಿಕೋರಿ ಕಾಫಿಯಲ್ಲ, ಒಂದು ಗಿಡದ ಬೇರು. ಹುರಿದು ಪುಡಿ ಮಾಡಿದ್ದು ನೀರು ಕುಡಿದು ಉಬ್ಬುತ್ತದೆ. ಫಿಲ್ಟರಿನಲ್ಲಿ ಅದು ಒಳ್ಳೆಯದೇ, ನೀರನ್ನು ತಡೆದು ಡಿಕಾಕ್ಷನ್ ಗಟ್ಟಿ ಮಾಡುತ್ತದೆ. ಇಲ್ಲಿ ಒತ್ತಿ ಕೂರಿಸಿದರೆ ಕೆಸರಿನ ಬಿರಡೆ.

ಮುಂದಿನ ಭಾನುವಾರ ಮಾಟುಂಗದ ಅಂಗಡಿಯಲ್ಲಿ ಸಂಕೋಚಪಡುತ್ತಲೇ "ಚಿಕೋರಿ ಬೇಡ" ಅಂದೆ. ಇಪ್ಪತ್ತು ವರ್ಷದ ಗಿರಾಕಿ ಧರ್ಮ ಬದಲಾಯಿಸಿದ ಹಾಗೆ ನೋಡಿದರು. ಪ್ಲಾಂಟೇಶನ್ ಎ ಮುಕ್ಕಾಲು, ಪೀಬೆರಿ ಕಾಲು, ಸ್ವಲ್ಪ ತರಿಯಾಗಿ ಬೀಸಿ ಕೊಡಿ ಅಂದೆ. ಎಷ್ಟು ತರಿ? ಸಕ್ಕರೆಯಷ್ಟು ದಪ್ಪ ಬೇಡ, ಮೈದಾದಷ್ಟು ನುಣ್ಣಗೂ ಬೇಡ, ಸಣ್ಣ ಉಪ್ಪಿನ ಹಾಗೆ. ಆಮೇಲೆ ಗಟ್ಟಿತನ ಸಾಲದು ಅನಿಸಿ ಪೀಬೆರಿ ತೆಗೆದು ಅಷ್ಟೇ ರೊಬಸ್ಟಾ ಹಾಕಿಸಿದೆ. ಹಾಲು ಬೆರೆಸಿ ಕುಡಿಯುವ ನಮ್ಮಂಥವರಿಗೆ ಕಾಲು ಭಾಗ ರೊಬಸ್ಟಾ ಇದ್ದರೇ ಸರಿ, ಶುದ್ಧ ಅರೇಬಿಕಾದವರು ಬೈಯಲಿ.

ಈಗ ನಾನು ಮಾಡುವ ಕ್ರಮ ಇದು. ನೀರನ್ನು ಬೇರೆ ಪಾತ್ರೆಯಲ್ಲಿ ಬಿಸಿ ಮಾಡಿಕೊಂಡು ತಳಕ್ಕೆ ಹಾಕುತ್ತೇನೆ, ಗುಂಡಿಯ ಕೆಳಗಿನ ಮಟ್ಟದ ತನಕ ಮಾತ್ರ. ತಣ್ಣೀರು ಹಾಕಿದರೆ ಅದು ಕಾಯುವ ತನಕ ಪುಡಿಯೂ ಪಾತ್ರೆಯ ಬಿಸಿಗೆ ಬೆಂದು ಕಹಿಯಾಗುತ್ತದೆ. ನಮ್ಮದು ಮೂರು ಕಪ್ಪಿನ ಪಾತ್ರೆ. (ಇಟಲಿಯ ಕಪ್ಪು ಸ್ವಾಮೀ, ನಮ್ಮ ಲೋಟದ ತಳ ಒದ್ದೆಯಾಗುವಷ್ಟು!) ಅದಕ್ಕೆ ಸುಮಾರು 150 ಮಿಲಿ ನೀರು, 15 ಗ್ರಾಂ ಪುಡಿ. ಪುಡಿಯನ್ನು ಬಟ್ಟಲಿನ ಅಂಚಿಗೆ ಸಮ ಮಾಡಬೇಕು, ಒತ್ತಬಾರದು, ಅಂಚಿಗೆ ಅಂಟಿದ್ದನ್ನು ಬೆರಳಿನಿಂದ ಒರೆಸಬೇಕು. ತಳ ಬಿಸಿ ಇರುತ್ತದೆ, ಬಟ್ಟೆಯಲ್ಲಿ ಹಿಡಿದು ಮೇಲಿನದನ್ನು ಬಿಗಿಯಾಗಿ ತಿರುಗಿಸಬೇಕು. ಹಿಡಿ ಹಿಡಿದು ತಿರುಗಿಸಿದರೆ ಹಿಡಿ ಕೈಗೆ ಬರುತ್ತದೆ. ಸಣ್ಣ ಬರ್ನರ್, ಸಣ್ಣ ಉರಿ, ಮುಚ್ಚಳ ತೆರೆದೇ ಇರಲಿ. ಮೂರು ನಾಲ್ಕು ನಿಮಿಷಕ್ಕೆ ನಡುವಿನ ಕಂಬದಿಂದ ಜೋನಿಬೆಲ್ಲದ ಬಣ್ಣದ್ದು ಸದ್ದಿಲ್ಲದೆ ಉಕ್ಕತೊಡಗುತ್ತದೆ. ಅದನ್ನು ನೋಡುವುದೇ ಒಂದು ಸುಖ. ಬಣ್ಣ ತಿಳಿಯಾಗಿ ಗುಳುಗುಳು ಶುರುವಾಗುವ ಮೊದಲೇ ಇಳಿಸಿ ತಳವನ್ನು ನಲ್ಲಿ ನೀರಿಗೆ ಹಿಡಿಯುತ್ತೇನೆ. ಆಸೆಪಟ್ಟು ಕೊನೆಯ ಹನಿಗೂ ಕಾದರೆ ಮೊದಲು ಬಂದ ಒಳ್ಳೆಯದೂ ಕೆಡುತ್ತದೆ. ಅಷ್ಟಕ್ಕೆ ಒಂದೂವರೆ ಪಾಲು ಗಟ್ಟಿ ಹಾಲು, ಒಂದು ಚಮಚ ಸಕ್ಕರೆ. ಒಬ್ಬನಿಗೆ ಒಂದು ಒಳ್ಳೆ ದೊಡ್ಡ ಲೋಟ, ಇಬ್ಬರಿಗೆ ಸಣ್ಣವು ಎರಡು.

ಅಂದ ಹಾಗೆ, ಇದನ್ನು ಬರೀ ನೀರಿನಲ್ಲಿ ತೊಳೆದು ಒರೆಸಿಡಬೇಕು. ನಮ್ಮ ಕೆಲಸದ ಬಾಯಿ ಒಂದು ದಿನ ಕಾಳಜಿಯಿಂದ ಸ್ಟೀಲ್ ತಾರು ಹಾಕಿ ತಿಕ್ಕಿ ಬೆಳ್ಳಿಯಂತೆ ಹೊಳೆಸಿ ಇಟ್ಟಿದ್ದಳು. ಮೂರು ದಿನ ಕಾಫಿಯಲ್ಲಿ ಲೋಹದ ರುಚಿ.

ಹೀಗೆ ಬೆಳಿಗ್ಗೆ ಐದೂಮುಕ್ಕಾಲಿಗೆ ಅವಳು ಕೆಳಗೆ ಕಾಂಪೌಂಡಿನಲ್ಲಿ ನಡೆಯಲು ಹೋಗುವುದು, ನಾನು ಕಿಟಕಿ ತೆಗೆದು, ಎಕ್ಸಾಸ್ಟ್ ಫ್ಯಾನ್ ಹಾಕಿ ಕಳ್ಳನ ಹಾಗೆ ಕಾಫಿ ಮಾಡುವುದು. ಇದರಲ್ಲಿ ವಾಸನೆ ಬರೋಲ್ಲ ಅಂತಲ್ಲ, ಚೆನ್ನಾಗಿಯೇ ಬರುತ್ತದೆ, ಆದರೆ ಬಂದು ಹೋಗುತ್ತದೆ. ಪಾತ್ರೆ ತೊಳೆದು, ಚರಟವನ್ನು ಕವರಿನಲ್ಲಿ ಕಟ್ಟಿ ಹೊರಗಿಟ್ಟು, ಬಾಯಿ ಮುಕ್ಕಳಿಸಿ, ಅಂಗಿ ಬದಲಾಯಿಸಿ ಅವಳಿಗೆ ಬಾಗಿಲು ತೆಗೆಯುತ್ತಿದ್ದೆ. ಅವಳಿಗೊಂದು ಲೋಟ ಬಾರ್ಲಿ ಗಂಜಿ. ಇಪ್ಪತ್ತಾರು ವರ್ಷ ಬೆಳಗಿನ ಕಾಫಿಯನ್ನು ನಾವು ಬಾಲ್ಕನಿಯಲ್ಲಿ ಎದುರುಬದುರು ಕೂತು ಕುಡಿದವರು. ಏನು ಮಾತಾಡುತ್ತಿದ್ದೆವೋ, ಒಂದೂ ನೆನಪಿಲ್ಲ. ಒಬ್ಬನೇ ನಿಂತು ಕುಡಿಯುವಾಗ ಕಾಫಿ ಎಷ್ಟು ಚೆನ್ನಾಗಾದರೂ ಎರಡು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. "ಚೆನ್ನಾಗಾಗ್ತಾ ಇದೆಯಾ?" ಅಂತ ಒಮ್ಮೊಮ್ಮೆ ಕೇಳುತ್ತಿದ್ದಳು. ಹೌದು ಅಂದರೆ ಒಂದು ಕಷ್ಟ, ಇಲ್ಲ ಅಂದರೆ ಒಂದು ಕಷ್ಟ. ಕೊರೋನ ತಂದವನು ನಾನು, ಕಾಫಿ ಕಳಕೊಂಡವಳು ಅವಳು, ಕುಡಿಯುತ್ತಿರುವವನು ಮತ್ತೆ ನಾನೇ. ಇದನ್ನು ಅವಳು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು.

2022ರ ದೀಪಾವಳಿ ಕಳೆದು ಒಂದು ವಾರವಾಗಿತ್ತು. ಮಂಡಿ ನೋವು ಅಂತ ಅವಳು ಅವತ್ತು ವಾಕಿಂಗಿಗೆ ಹೋಗಲಿಲ್ಲ. ಹಾಗಾದರೆ ನನಗೂ ಬೇಡ ಅಂದೆ. "ಮಾಡ್ಕೊಳ್ಳಿ, ನಾನು ಬಾಗಿಲು ಹಾಕ್ಕೋತೀನಿ" ಅಂತ ಕೋಣೆಯೊಳಗೆ ಹೋದಳು. ನಾನು ಪಾತ್ರೆ ಒಲೆಯ ಮೇಲಿಟ್ಟೆ. ಅಷ್ಟರಲ್ಲಿ ಬ್ರಾಂಚಿನಿಂದ ಫೋನು, ಸ್ಟ್ರಾಂಗ್ ರೂಮಿನ ಎರಡನೇ ಬೀಗದ ಕೈ ಇರುವವರಿಗೆ ಹುಷಾರಿಲ್ಲವಂತೆ, ಬೆಳಿಗ್ಗೆ ಕ್ಯಾಶ್ ತೆಗೆಯುವುದು ಹೇಗೆ ಅಂತ. ಬಾಲ್ಕನಿಯಲ್ಲಿ ನಿಂತು ಅವರಿಗೆ ಇವರಿಗೆ ಫೋನು ಮಾಡುತ್ತಾ ಒಲೆ ಮರೆತೇ ಹೋಯಿತು.

ಒಳಗಿನಿಂದ ದನಿ ಬಂತು. "ರೀ, ಕಾಫಿ ಸೀದು ಹೋಗ್ತಾ ಇದೆ ನೋಡಿ!"

ಓಡಿಹೋಗಿ ಇಳಿಸಿದೆ. ತಳದ ನೀರೆಲ್ಲ ಮುಗಿದು, ರಬ್ಬರ್ ಬಳೆ ಸುಡಲು ಶುರುವಾಗಿ, ಮೇಲಿದ್ದ ಕಾಫಿ ಕುದಿದು ಅಂಚಿಗೆ ಕಪ್ಪು ಹಿಡಿದಿತ್ತು. ಅವಳು ಬಾಗಿಲಲ್ಲಿ ನಿಂತಿದ್ದಳು. ಸೆರಗು ಮೂಗಿನ ಮೇಲಿರಲಿಲ್ಲ. "ಟಯರಾ?" ಅಂದೆ. ಸ್ವಲ್ಪ ಹೊತ್ತು ಹಾಗೇ ಮೂಸಿ, "ಅಲ್ಲ. ಕಾಫೀನೇ. ಸೀದ ಕಾಫಿ" ಅಂದಳು. ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅವಳು ಸಿಂಕಿನ ಹತ್ತಿರ ಬಂದು ಪಾತ್ರೆ ಎತ್ತಿ ನೋಡಿ, ಇಷ್ಟು ದಿನ ಇದರಲ್ಲಾ ಮಾಡ್ತಿದ್ದದ್ದು, ಒಳಗೆಲ್ಲ ಕರೆ ಹಿಡಿದಿದೆ ಅಂತ ಬೈದಳು.

ಅವತ್ತೇ ಕುಡಿದಳು ಅಂತ ತಿಳಿಯಬೇಡಿ. ಮೊದಲು ಎದುರಿಗೆ ಕೂರುವಷ್ಟಾಯಿತು, ಆಮೇಲೆ ಅರ್ಧ ಲೋಟ ಹಾಲಿಗೆ ಒಂದು ಚಮಚ. ಸಂಕ್ರಾಂತಿ ಹೊತ್ತಿಗೆ ಪೂರ್ತಿ ಲೋಟ. ಮೊದಲ ಪೂರ್ತಿ ಲೋಟ ಕುಡಿದು ಕೆಳಗಿಟ್ಟು, "ಗಟ್ಟಿಯೇನೋ ಇದೆ. ಆದರೆ ಕಷಾಯ ಕುಡಿದ ಹಾಗಾಯ್ತು. ಚಿಕೋರಿ ಇಲ್ಲದ್ದು ಒಂದು ಕಾಫೀನಾ?" ಅಂದಳು. ಅಷ್ಟು ಒಳ್ಳೆಯ ಟೀಕೆಯನ್ನು ನಾನು ಯಾವ ಇನ್‌ಸ್ಪೆಕ್ಷನ್ ರಿಪೋರ್ಟಿನಲ್ಲೂ ಓದಿಲ್ಲ.

ಎಲ್ಲ ವಾಪಸು ಬಂದಿಲ್ಲ. ಈರುಳ್ಳಿ ಹುರಿಯುವಾಗ ಈಗಲೂ ಮುಖ ತಿರುಗಿಸುತ್ತಾಳೆ. ಮಾಟುಂಗದಿಂದ ಮಲ್ಲಿಗೆ ತಂದರೆ ಮುಡಿಯುತ್ತಾಳೆ, ಮೊದಲಿನ ಹಾಗೆ ಇಲ್ಲ ಅನ್ನುತ್ತಾಳೆ. ಹೇಗಿದೆ ಅಂದರೆ ಹೇಳಲು ಬರುವುದಿಲ್ಲವಂತೆ. ನಾಲ್ಕು ಶೀಶೆಗಳು ದೇವರ ಮನೆಯಲ್ಲೇ ಇವೆ.

ಹಿತ್ತಾಳೆ ಫಿಲ್ಟರನ್ನು ಕೆಳಗಿಳಿಸಿದ್ದು ನಾನೇ, ಹಸಿರು ಕಿಲುಬು ಹಿಡಿದಿತ್ತು, ಹುಣಸೆಹಣ್ಣು ಹಾಕಿ ತಿಕ್ಕಿದವನೂ ನಾನೇ. ಈಗ ಭಾನುವಾರ ಅವಳದು, ಎಂಬತ್ತಕ್ಕೆ ಇಪ್ಪತ್ತು, ಶನಿವಾರ ರಾತ್ರಿಯೇ ತಯಾರಿ. ಉಳಿದ ಆರು ದಿನ ನನ್ನದು. ಐದೂವರೆಗೆ ಎದ್ದು ನಾನು ಒಲೆ ಹಚ್ಚುತ್ತೇನೆ, ಅವಳು ಮಲಗಿದಲ್ಲಿಂದಲೇ ಉರಿ ಸಣ್ಣ ಮಾಡಲು ಹೇಳುತ್ತಾಳೆ.

ಅವತ್ತು ಸುಟ್ಟ ರಬ್ಬರ್ ಬಳೆಯ ಜಾಗಕ್ಕೆ ಹಾಕಿದ್ದೂ ಈಚೆಗೆ ಸಡಿಲವಾಗಿ, ಪಕ್ಕದಿಂದ ನೀರು ಒಸರುತ್ತಿದೆ. ಡೊಂಬಿವಲಿಯಲ್ಲಿ ಕೇಳಿದರೆ ಕುಕ್ಕರಿನದನ್ನು ತೋರಿಸುತ್ತಾರೆ. ಬರುವ ಶನಿವಾರ ಎರಡನೇ ಶನಿವಾರ, ಬ್ಯಾಂಕಿಗೆ ರಜ. ಕ್ರಾಫರ್ಡ್ ಮಾರ್ಕೆಟ್ ಕಡೆ ಹೋಗಿ ಹುಡುಕಬೇಕು. ಅಲ್ಲಿಯ ತನಕ ಬಿಗಿಯಾಗಿ ತಿರುಗಿಸಿ, ಒಸರಿದ್ದನ್ನು ಒರೆಸಿಕೊಂಡು ನಡೆಸುತ್ತಿದ್ದೇನೆ.